ಡೈ ಹಾಕುವ ಮೊದಲು ಈಗ ನಾನು ಕೇಳುವುದು

ಆ ಅಜ್ಜಿಗೆ ಎಪ್ಪತ್ತು ವರ್ಷ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಶ್ಮಲವಾದ ಕ್ರಿಯಾಟಿನಿನ್ 1.3. ಲ್ಯಾಬ್ ಚೀಟಿ ನೋಡಿ ‘ಸ್ವಲ್ಪ ಜಾಸ್ತಿ, ಪರವಾಗಿಲ್ಲ’ ಅಂದುಕೊಂಡು ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಡೈ ಹಾಕಿಸಿ ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದು ನಾನೇ. ಮೂರನೇ ದಿನ ಅದು 2.2ಕ್ಕೆ ಏರಿತು. ಮೂತ್ರ ಕಡಿಮೆಯಾಗಿ ಪಾದ ಊದಿಕೊಂಡಿತ್ತು.

ಹಾಸಿಗೆ ಪಕ್ಕ ಕೂತು ವಿಚಾರಿಸಿದಾಗ ಒಂದೊಂದೇ ಹೊರಬಂತು. ಎಲೆಅಡಿಕೆ ಸಂಚಿಯಿಂದ ಅಜ್ಜಿ ಒಂದು ಸ್ಟ್ರಿಪ್ ತೆಗೆದು ತೋರಿಸಿದರು: ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ, ನಾಲ್ಕು ಉಳಿದಿತ್ತು. ಮಂಡಿನೋವಿಗೆ ಎರಡು ವಾರದಿಂದ ದಿನಕ್ಕೆರಡು ನುಂಗುತ್ತಿದ್ದರಂತೆ. ಸ್ಕ್ಯಾನಿಗೆ ಮುಂಚೆ ಎರಡು ದಿನ ವಾಂತಿ ಬೇರೆ. ಸಾಲದ್ದಕ್ಕೆ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ನಾವು ಹೇಳಿದ್ದನ್ನು ನಂಬಿ, ಹಿಂದಿನ ರಾತ್ರಿಯಿಂದ ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಕುಡಿದಿರಲಿಲ್ಲ. “ನೀವೇ ಬೇಡ ಅಂದಿದ್ರಲ್ಲ ಡಾಕ್ಟ್ರೇ” ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಅಯೋಡಿನ್ ಇರುವ ಈ ಡೈ ದೇಹದಿಂದ ಹೊರಹೋಗುವುದು ಕಿಡ್ನಿಯ ದಾರಿಯಲ್ಲೇ. ಕಿಡ್ನಿಯ ಒಳಪದರದಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಡೈ ಅಲ್ಲಿನ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ಸೂಕ್ಷ್ಮ ನಳಿಕೆಗಳ ಜೀವಕೋಶಗಳಿಗೂ ಪೆಟ್ಟು ಕೊಡಬಲ್ಲದು. ನೀರು ಆರಿದ ದೇಹದಲ್ಲಿ ಆ ನಾಳಗಳನ್ನು ತೆರೆದಿಡಲು ಕಿಡ್ನಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ನೆಚ್ಚಿಕೊಂಡಿರುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಡೆಯುವುದು ಅದನ್ನೇ. ಹಾಗಾಗಿ ಅಜ್ಜಿಯ ಕಿಡ್ನಿ ಸೋತದ್ದಕ್ಕೆ ಡೈ ಒಂದನ್ನೇ ದೂರಲಾರೆ. ಹತ್ತನೇ ದಿನಕ್ಕೆ ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು, ಡಯಾಲಿಸಿಸ್ ಬೇಕಾಗಲಿಲ್ಲ.

ಆವತ್ತಿನಿಂದ ಬರೀ ಕ್ರಿಯಾಟಿನಿನ್ ನೋಡಿ ನಾನು ಸಹಿ ಹಾಕಿಲ್ಲ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ವಯಸ್ಸು, ಲಿಂಗ ಸೇರಿಸಿ ಅಂದಾಜಿಸುವ ಅಂಕಿ ಇಜಿಎಫ್‌ಆರ್. ಕ್ರಿಯಾಟಿನಿನ್ 1.3 ಎಂದರೆ ಇಪ್ಪತ್ತೈದರ ಹುಡುಗನಿಗೆ ಇಜಿಎಫ್‌ಆರ್ ಸುಮಾರು 78. ಎಪ್ಪತ್ತರ ಆ ಅಜ್ಜಿಗೆ ಬರೀ 44. ಲೆಕ್ಕ ಹಾಕಲು ಮೊಬೈಲಿನಲ್ಲಿ ಅರ್ಧ ನಿಮಿಷ ಸಾಕು. ಆಮೇಲೆ ಕೇಳುತ್ತೇನೆ: ನೋವಿಗೆ ಏನು ನುಂಗಿದ್ದೀರಿ? ಕೊನೆಯ ಸಲ ನೀರು ಕುಡಿದದ್ದು ಯಾವಾಗ? ‘ಮಾತ್ರೆ ಏನಾದ್ರೂ ತಗೋತೀರಾ’ ಎಂದರೆ ಬಿಪಿ, ಶುಗರ್ ಮಾತ್ರೆ ಹೇಳಿ ಸುಮ್ಮನಾಗುತ್ತಾರೆ. ಮಂಡಿನೋವಿನದು ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ನಮ್ಮ ಅಪಾಯಿಂಟ್‌ಮೆಂಟ್ ಚೀಟಿಯಲ್ಲಿ ಈಗ ‘ಊಟ ಬೇಡ, ನೀರು ಕುಡಿಯಿರಿ’ ಎಂದು ದಪ್ಪಕ್ಷರದಲ್ಲಿದೆ.

ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಅಥವಾ ಕಿಡ್ನಿಗೆ ಆಗಲೇ ಹೊಸ ಪೆಟ್ಟು ಬಿದ್ದಿದ್ದರೆ ಸ್ಕ್ಯಾನಿಗೆ ಒಂದು ಗಂಟೆ ಮೊದಲೇ ನಾರ್ಮಲ್ ಸಲೈನ್ ಶುರು ಮಾಡಿ, ಆಮೇಲೂ ಕೆಲವು ಗಂಟೆ ಹರಿಸುತ್ತೇವೆ. ಹೃದಯ ದುರ್ಬಲವಾಗಿದ್ದರೆ ಬಹಳ ಎಚ್ಚರ ಬೇಕು. ಕಿಡ್ನಿ ಹೀಗೆ ಸೋತವರು ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿಯೇ ಮುಂದುವರಿಸುತ್ತೇವೆ. ಅಸಿಟೈಲ್‌ಸಿಸ್ಟೀನ್ ಎಂಬ ಔಷಧವನ್ನು ಡೈಯಿಂದ ಕಿಡ್ನಿ ಕಾಯಲೆಂದು ಎಷ್ಟೋ ವರ್ಷ ಕೊಟ್ಟೆವು. ಸುಮಾರು 5,000 ಜನರ ಮೇಲೆ ನಡೆದ ಪ್ರಿಸರ್ವ್ ಅಧ್ಯಯನ 2018ರಲ್ಲಿ ಅದರಿಂದ ಲಾಭವಿಲ್ಲ ಎಂದು ತೋರಿಸಿದ ಮೇಲೆ ಬಿಟ್ಟೆ.

ಹೆದರಿಕೆ ಅತಿಯಾದರೂ ಕಷ್ಟವೇ. ಅಜ್ಜಿಯ ಘಟನೆಯಾದ ಮೇಲೆ ಕೆಲವು ತಿಂಗಳು ನಾನು ಕಂಡಕಂಡವರಿಗೆ ಡೈ ಬೇಡ ಎನ್ನುತ್ತಿದ್ದೆ, ಅದೂ ತಪ್ಪೇ. ಡೈ ಇಲ್ಲದೆ ಸ್ಕ್ಯಾನ್ ಆದ ಕಾಯಿಲೆಯವರಲ್ಲೂ ಕ್ರಿಯಾಟಿನಿನ್ ಏರುತ್ತದೆ. ಹಳೆಯ ಎಷ್ಟೋ ಅಧ್ಯಯನಗಳು ಅಂಥವರನ್ನು ಹೋಲಿಸಿ ನೋಡಿರಲಿಲ್ಲ. ಅಪಾಯವನ್ನು ಹಿಂದೆ ಹಿಗ್ಗಿಸಿ ಹೇಳಲಾಗಿತ್ತು ಎಂದು 2020ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ಅಲ್ಲಿನ ಕಿಡ್ನಿ ಫೌಂಡೇಶನ್ ಒಟ್ಟಾಗಿ ಹೇಳಿದವು.

ಒಂದು ರಾತ್ರಿ ತಡೆಯಲಾರದ ಹೊಟ್ಟೆನೋವಿನಿಂದ ಅರವತ್ತೆಂಟರ ಯಜಮಾನರೊಬ್ಬರು ಬಂದರು. ಕ್ರಿಯಾಟಿನಿನ್ 2.5, ಇಜಿಎಫ್‌ಆರ್ 27. “ಡೈ ಹಾಕಿದ್ರೆ ಅಪ್ಪನ ಕಿಡ್ನಿ ಹೋಗುತ್ತಂತಲ್ಲ ಸಾರ್” ಎಂದು ಮಗ ಬಾಗಿಲಲ್ಲೇ ತಡೆದ. ಕರುಳು ಸತ್ತರೆ ಅಪ್ಪನೇ ಉಳಿಯುವುದಿಲ್ಲ, ಕಿಡ್ನಿಯನ್ನು ನಾವು ನೋಡಿಕೊಳ್ಳುತ್ತೇವೆ ಎಂದೆ. ಗಂಟೆಗಟ್ಟಲೆ ಕಾಯುವ ಸಮಯ ಇರಲಿಲ್ಲ. ಒಂದು ಕೈಗೆ ಸಲೈನ್ ಹರಿಯುತ್ತಿರುವಾಗಲೇ ಇನ್ನೊಂದು ಕೈಗೆ 80 ಎಂಎಲ್ ಡೈ ಹೋಯಿತು. ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದ್ದು ಸ್ಪಷ್ಟವಾಗಿ ಕಂಡಿತು. ಬೆಳಗಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಮೂರನೇ ದಿನದ ಕ್ರಿಯಾಟಿನಿನ್ 2.6.