ಎರೆ ನೆಲದಲ್ಲಿ ಹೆಪ್ಟಾಥ್ಲಾನ್: ಬಳ್ಳಾರಿ ಕಡೆಯ ಹುಡುಗಿಯರಿಗೆ ತಯಾರಿ

ಹೆಪ್ಟಾಥ್ಲಾನ್ ಎಂದರೆ ಎರಡು ದಿನದಲ್ಲಿ ಏಳು ಸ್ಪರ್ಧೆ, ಏಳರ ಅಂಕ ಕೂಡಿಸಿ ಗೆಲುವು. ಮೊದಲ ದಿನ 100 ಮೀ. ಹರ್ಡಲ್ಸ್ (ಅಡ್ಡ ಇಟ್ಟ ತಡೆಗಳನ್ನು ಹಾರುತ್ತ ಓಟ), ಎತ್ತರ ಜಿಗಿತ, ಗುಂಡು ಎಸೆತ, 200 ಮೀ. ಮರುದಿನ ಉದ್ದ ಜಿಗಿತ, ಜಾವೆಲಿನ್, 800 ಮೀ. ಏಳನ್ನೂ ಒಟ್ಟಿಗೆ ಹಿಡಿಯಬೇಡಿ. ಹದಿಮೂರು-ಹದಿನಾಲ್ಕರ ಹುಡುಗಿಗೆ ಹರ್ಡಲ್ಸ್‌ನಿಂದ ಶುರು ಮಾಡಿ. ಎಸೆತ ತಡವಾಗಿ ಕಲಿತರೂ ನಡೆಯುತ್ತದೆ, ಹರ್ಡಲ್ಸ್ ಲಯ ಹಾಗಲ್ಲ.

ಎರೆ ಮೈದಾನ ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಎರಡರಲ್ಲೂ ಪಾದ ಹೊರಳುತ್ತದೆ. ಒಂದು ಲೇನ್‌ನಷ್ಟಾದರೂ ಗರಸು ಹಾಕಿ ಕುಟ್ಟಿಸಿ. ಅಧಿಕೃತ ಅಳತೆಯಲ್ಲಿ ಮೊದಲ ಹರ್ಡಲ್‌ಗೆ 13 ಮೀ., ನಡುವೆ 8.5 ಮೀ., ಕೊನೆಯ ಹರ್ಡಲ್‌ನಿಂದ ಮುಕ್ತಾಯದ ಗೆರೆಗೆ 10.5 ಮೀ.; ಎತ್ತರ ಹಿರಿಯರಿಗೆ 83.8 ಸೆಂ.ಮೀ., 18ರೊಳಗಿನವರಿಗೆ 76.2. ಕಲಿಯುವವಳಿಗೆ ಇದು ಬೇಡ. ನಡುವೆ 7 ಮೀ., ಎತ್ತರ 60 ಸೆಂ.ಮೀ. ಇಟ್ಟು ಸುಣ್ಣದ ಗೆರೆ ಎಳೆಯಿರಿ. ನಡುವೆ ಮೂರೇ ಹೆಜ್ಜೆ ಬೀಳಬೇಕು. ನಾಲ್ಕು ಬಿತ್ತೋ, ಅಂತರ ಹೆಚ್ಚಾಯಿತು ಎಂದರ್ಥ. ಅವಳನ್ನು ಬೈಯದೆ ಅರ್ಧ ಮೀಟರ್ ಒಳಗೆ ಸರಿಸಿ. ಇಟ್ಟಿಗೆ ಮೇಲೆ ಪಿವಿಸಿ ಪೈಪ್ ಇಡುವುದಾದರೆ ಕಟ್ಟಬೇಡಿ, ತಾಗಿದರೆ ಉರುಳಬೇಕು. ಕಬ್ಬಿಣದ ಹರ್ಡಲ್ ಆದರೆ ಅದರ ಕಾಲುಗಳು ಓಡಿ ಬರುವವಳ ಕಡೆಗಿರಲಿ. ತಿರುಗಿಸಿಟ್ಟರೆ ಅದು ಬೀಳದು, ಮೊಣಕಾಲು ಒಡೆಯುತ್ತದೆ.

ಇನ್ನು ಅಂಕದ ಲೆಕ್ಕ. ಎತ್ತರ ಜಿಗಿತ 1.60ರಿಂದ 1.63ಕ್ಕೆ ಏರಿದರೆ ಸಿಗುವುದು 35 ಅಂಕ. ಗುಂಡು 10 ಮೀಟರ್‌ನಿಂದ 11ಕ್ಕೆ ಹೋದರೆ ಸುಮಾರು 65. ಅದೇ 800 ಮೀ. 2:30ರಿಂದ 2:20ಕ್ಕೆ ಇಳಿದರೆ ಸುಮಾರು 130! ಆದರೂ ನಮ್ಮಲ್ಲಿ 800 ಎಂದರೆ ಎಲ್ಲರಿಗೂ ಬೇಸರ. ವಾರಕ್ಕೆರಡು ದಿನ, ಬೆಳಗಿನ ಐದೂವರೆಗೇ, 300 ಮೀ. ಓಟ ಐದು ಸಲ, ನಡುವೆ ನಾಲ್ಕು ನಿಮಿಷ ನಡಿಗೆ. ಏಪ್ರಿಲ್-ಮೇನಲ್ಲಿ ಎಂಟರ ಮೇಲೆ ಮೈದಾನ ಬಿಡಿ.

ಧಾರವಾಡ ಕಡೆಯ ಹೆಪ್ಟಾಥ್ಲಾನ್ ಆಟಗಾರ್ತಿ ಜೆ.ಜೆ. ಶೋಭಾ 2004ರಲ್ಲಿ 6211 ಅಂಕ ಗಳಿಸಿದ್ದರು. ಆ ಮಟ್ಟ ಮುಟ್ಟಲು ಸಿಂಥೆಟಿಕ್ ಟ್ರ್ಯಾಕ್ ಬೇಕೇ ಬೇಕು. ತೋರಣಗಲ್ಲು ಬಳಿಯ ವಿದ್ಯಾನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರ ಇದೆ. ಆಯ್ಕೆ ಟ್ರಯಲ್ಸ್ ಯಾವಾಗ ಎಂದು ವಿಚಾರಿಸುತ್ತಿರಿ. ಮಣ್ಣಿನ ಮೈದಾನಕ್ಕೆ ಹಾಕುವ ಉದ್ದ ಮೊಳೆಯ ಸ್ಪೈಕ್ಸ್ ಬೂಟಿನಲ್ಲೇ ಅಲ್ಲಿಗೆ ಹೋಗಬೇಡಿ, 6 ಮಿ.ಮೀ. ಮೊಳೆ ಸಾಕು.

ಕೂಟದ ದಿನ ಜಿಗಿತ-ಎಸೆತಕ್ಕೆ (ಎತ್ತರ ಜಿಗಿತ ಬಿಟ್ಟು) ಮೂರೇ ಅವಕಾಶ. ಉದ್ದ ಜಿಗಿತದ ಮೊದಲನೆಯದನ್ನು ಹಲಗೆಗಿಂತ ಒಂದು ಗೇಣು ಹಿಂದಿನಿಂದಲೇ ಹಾರಲಿ. ಮೂರೂ ಫೌಲಾದರೆ ಸೊನ್ನೆ. ಸೊನ್ನೆ ಬಿದ್ದರೂ ಮುಂದಿನದಕ್ಕೆ ಇಳಿಯಬಹುದು, ಒಂದನ್ನು ಶುರುವೇ ಮಾಡದಿದ್ದರೆ ಮಾತ್ರ ಸ್ಪರ್ಧೆಯಿಂದಲೇ ಹೊರಗೆ. ಬಿಡುವಿನಲ್ಲಿ ಒಗ್ಗರಣೆ-ಮಿರ್ಚಿ ಬೇಡ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಸಾಕು. ಮೊದಲ ದಿನದ ರಾತ್ರಿ 200 ಮೀ. ಮುಗಿಸಿ ಬಂದವಳು ನೇರ ಮಲಗಿದರೆ ಬೆಳಿಗ್ಗೆ ಉದ್ದ ಜಿಗಿತಕ್ಕೆ ಮೀನಖಂಡ ಕಟ್ಟಿಗೆಯಾಗಿರುತ್ತದೆ. ಹತ್ತು ನಿಮಿಷ ನಡೆಸಿ, ಕಾಲಿಗೆ ತಣ್ಣೀರು ಸುರಿದು, ಆಮೇಲೆ ಊಟಕ್ಕೆ ಕೂರಿಸಿ.