ಕಸ ಕತ್ತರಿಸೋ ಮಷಿನ್ ಒಳಗಿನ ಕಸ

ಮಳೆ ಬಿದ್ದು ಎಂಟು ದಿನ ಆಗಿರುತ್ತದೆ. ಬದುವಿನ ಮೇಲೆ ಕಸ ಮೊಣಕಾಲೆತ್ತರ ಬೆಳೆದಿರುತ್ತದೆ. ಬೇಸಿಗೆಯಿಡೀ ಮೂಲೆ ಹಿಡಿದಿದ್ದ ಬ್ರಷ್ ಕಟರ್ ತೆಗೆದು ಹಗ್ಗ ಎಳೆಯುತ್ತೀರಿ. ಇಪ್ಪತ್ತು ಸಲ ಎಳೆದರೂ ಗುರ್ ಅನ್ನುವುದಿಲ್ಲ. ಅಂದರೂ ಎಕ್ಸಲೇಟರ್ ಕೊಟ್ಟ ಕೂಡಲೇ ಉಸಿರು ಬಿಡುತ್ತದೆ. ಮಹಾಲಿಂಗಪುರ, ಮುಧೋಳ, ಜಮಖಂಡಿ ಕಡೆ ಜೂನ್‌ನಲ್ಲಿ ಯಾವ ರಿಪೇರಿ ಅಂಗಡಿಗೆ ಹೋದರೂ ಇದೇ ಕತೆ. ಇದರಲ್ಲಿ ಹೆಚ್ಚಿನವು ಮನೆ ಕಟ್ಟೆ ಮೇಲೆ ಕೂತು ಒಂದೆರಡು ತಾಸಿನಲ್ಲಿ ಸರಿ ಮಾಡಬಹುದಾದ ಕೆಲಸ.

ಆದರೆ ನಾವು ಮೊದಲು ಮಾಡುವುದೇನು? ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರ್, ಅಂದರೆ ಪೆಟ್ರೋಲು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ ಪಕ್ಕದ ಸ್ಕ್ರೂ ತಿರುವುತ್ತೇವೆ. ಹೋದ ಹಂಗಾಮಿನಲ್ಲಿ ಚೆನ್ನಾಗಿ ಓಡಿದ ಮಷಿನ್‌ನ ಸ್ಕ್ರೂ ಮೂಲೆಯಲ್ಲಿ ನಿಂತು ತಾನಾಗೇ ತಿರುಗಿರುತ್ತದಾ? ಕೆಟ್ಟಿದ್ದು ಒಳಗಿನ ಪೆಟ್ರೋಲು. ಸ್ಕ್ರೂ ಕಡೆಯ ಕೆಲಸ.

ಮೊದಲು ಟ್ಯಾಂಕ್ ನೋಡಿ

ಹಳೇ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಬಣ್ಣದ ಪದರ ಕೂತರೆ ನೀರು ಸೇರಿದೆ ಎಂದರ್ಥ. 2025ರಿಂದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿ ಆದಾಗ ಅದರ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ನಮ್ಮದೇ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ಬಂಕ್ ದಾಟಿ ನಮ್ಮದೇ ಕಟರ್‌ನೊಳಗೆ ಬಂದು ಕೂತಿರುತ್ತದೆ. ಯಾರನ್ನು ಬೈಯೋಣ?

ಆ ಪೆಟ್ರೋಲನ್ನು ಮತ್ತೆ ಬಳಸಬೇಡಿ. ಹೊಸದಕ್ಕೆ 2ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನಲ್ಲೇ ಬೆರೆಸುವ ಆಯಿಲ್, ಅಳತೆ ಮಾಡಿ ಹಾಕಿ. ಕೆಲವು ಕಂಪನಿಗಳು 50:1 ಹೇಳುತ್ತವೆ, ಅಂದರೆ ಲೀಟರ್‌ಗೆ 20 ಎಂ.ಎಲ್. ಕೆಲವು 25:1 ಹೇಳುತ್ತವೆ, ಅದು 40 ಎಂ.ಎಲ್. ನಿಮ್ಮ ಮಷಿನ್ ಪುಸ್ತಕದಲ್ಲಿ ಇದ್ದದ್ದೇ ಲೆಕ್ಕ. ಮುಚ್ಚಳದ ಲೆಕ್ಕದಲ್ಲಿ ಅಂದಾಜಿಗೆ ಸುರಿಯುವುದು ಬೇಡ.

ಟ್ಯಾಂಕಿನೊಳಗೆ ಪೈಪಿನ ತುದಿಗೆ ಫಿಲ್ಟರ್ ಇರುತ್ತದೆ. ತಂತಿಯನ್ನು ಕೊಕ್ಕೆ ಮಾಡಿ ಹೊರಗೆಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ. ಏರ್ ಫಿಲ್ಟರ್ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಪೂರಾ ಒಣಗಿಸಿ. ಪ್ಲಗ್ ಬಿಚ್ಚಿ ಒರೆಸಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಇದೆಯಾ ನೋಡಿ. ಇಷ್ಟಕ್ಕೇ ಮಷಿನ್ ಚಾಲೂ ಆದರೆ ಮುಂದಿನದನ್ನು ಓದದೆ ಹೊಲಕ್ಕೆ ಹೋಗಿ.

ಕಾರ್ಬೊರೇಟರ್ ಬಿಚ್ಚುವುದು

ಒಲೆ, ಬೀಡಿ ಎರಡೂ ದೂರ ಇರಲಿ. ಕಣ್ಣಿಗೆ ಕನ್ನಡಕ ಬೇಕು, ಕ್ಲೀನರ್ ಸ್ಪ್ರೇ ಯಾವ ತೂತಿನಿಂದ ಎಲ್ಲಿಗೆ ಚಿಮ್ಮುತ್ತದೆ ಹೇಳಕ್ಕಾಗಲ್ಲ. ಊಟದ ಹಳೇ ತಾಟು ಒಂದು ತಗೊಳ್ಳಿ, ಎಲ್ಲ ಕೆಲಸ ಅದರೊಳಗೇ ನಡೆಯಲಿ. ಈ ಕಾರ್ಬೊರೇಟರಿನಲ್ಲಿರುವ ಸ್ಪ್ರಿಂಗ್ ಜೋಳದ ಕಾಳಿನಷ್ಟಿರುತ್ತದೆ. ಮಣ್ಣಿಗೆ ಬಿದ್ದರೆ ಮುಗೀತು. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೊ ತೆಗೆಯಿರಿ.

ಬೈಕಿನ ಕಾರ್ಬೊರೇಟರ್ ನೋಡಿದವರಿಗೆ ಇದು ಬೇರೆ ಅನಿಸುತ್ತದೆ. ಇದರಲ್ಲಿ ಫ್ಲೋಟ್, ಅಂದರೆ ಪೆಟ್ರೋಲಿನ ಮೇಲೆ ತೇಲುವ ಬುರುಡೆ ಇಲ್ಲ. ಕಟರ್ ಹೇಗೆ ವಾಲಿಸಿದರೂ ಓಡಬೇಕಲ್ಲ, ಅದಕ್ಕೆ ತೆಳ್ಳನೆ ಪರದೆಗಳು, ಅಂದರೆ ಡಯಾಫ್ರಾಮ್‌ಗಳು ಇರುತ್ತವೆ. ಒಂದು ಬದಿಯ ಪರದೆ ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಆಡುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಗೂಡಿನಲ್ಲಿ ಒತ್ತಡ ಏರಿಳಿಯುತ್ತದೆ. ಆ ಏರಿಳಿತ ಸಣ್ಣ ತೂತಿನ ಮೂಲಕ ಬಂದು ಪರದೆಯನ್ನು ಮಿಡಿಸುತ್ತದೆ, ಅದರಿಂದ ಪೆಟ್ರೋಲು ಎಳೆಯಲ್ಪಡುತ್ತದೆ. ಹಾಗಾಗಿ ವಾಪಸ್ ಜೋಡಿಸುವಾಗ ಗ್ಯಾಸ್ಕೆಟ್ಟಿನ, ಅಂದರೆ ಸಂದು ಮುಚ್ಚುವ ತೆಳು ಹಾಳೆಯ ತೂತು ಆ ತೂತಿಗೆ ಸರಿಯಾಗಿ ಕೂರಬೇಕು. ಗ್ಯಾಸ್ಕೆಟ್ ಉಲ್ಟಾ ಹಾಕಿ ದಿನವಿಡೀ ಹಗ್ಗ ಎಳೆದವರಿದ್ದಾರೆ.

ಪಂಪಿನ ಬದಿಯ ಮುಚ್ಚಳ ತೆಗೆದರೆ ಒಳಗೆ ಕಡ್ಲೆಬೇಳೆಯಷ್ಟು ದೊಡ್ಡ ಜಾಳಿಗೆ ಕಾಣುತ್ತದೆ. ಕಸ ಮೊದಲು ಕೂರುವುದೇ ಇಲ್ಲಿ. ಆರು ತಿಂಗಳು ಪೆಟ್ರೋಲು ನಿಂತಿದ್ದರೆ ಗಾಣದ ಕೊಪ್ಪರಿಗೆಯ ಅಂಚಿಗೆ ಹತ್ತಿದ ಪಾಕದ ಹಾಗೆ ಕಂದು ಅಂಟು ಕಾಣುತ್ತದೆ. ಮೂಸಿದರೆ ಹುಳಿ ವಾಸನೆ. ಕ್ಲೀನರ್ ಹೊಡೆದು, ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ.

ಇನ್ನೊಂದು ಬದಿಯಲ್ಲಿ ಪರದೆಯ ಕೆಳಗೆ ತಕ್ಕಡಿ ದಂಡಿಯಂಥ ಪುಟ್ಟ ಲಿವರ್, ಅದರಡಿ ಸ್ಪ್ರಿಂಗ್, ತುದಿಗೆ ಸೂಜಿ. ಲಿವರ್ ಬಗ್ಗಿಸಬೇಡಿ. ಪರದೆಯನ್ನು ಬೆರಳಿನಿಂದ ಮುಟ್ಟಿ. ಬಲೂನಿನ ಹಾಗೆ ಮೆತ್ತಗಿರಬೇಕು. ಹಪ್ಪಳದ ಹಾಗೆ ಸೆಟೆದಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ರಿಪೇರಿ ಕಿಟ್ ತರಬೇಕು. ಕಾರ್ಬೊರೇಟರ್ ಮೈಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಹೋಗಿ. ನೋಡಲು ಒಂದೇ ತರ ಇದ್ದರೂ ಪರದೆಗಳು ಬೇರೆ ಬೇರೆ.

ಪೆಟ್ರೋಲು ಹೆಚ್ಚು ಕಡಿಮೆ ಮಾಡುವ ಹೊರಗಿನ ಸೂಜಿ ಸ್ಕ್ರೂಗಳನ್ನು ಬಿಚ್ಚುವ ಮೊದಲು ಪ್ರತಿಯೊಂದನ್ನೂ ಬಲಕ್ಕೆ ಮೆಲ್ಲಗೆ ತಿರುವಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಣಿಸಿ ಗೋಡೆ ಮೇಲಾದರೂ ಬರೆದಿಡಿ. ಆಮೇಲೆ ಪರದೆ, ಗ್ಯಾಸ್ಕೆಟ್ ಎಲ್ಲ ಪಕ್ಕಕ್ಕಿಟ್ಟು ತೂತುಗಳಿಗೆ ಸ್ಪ್ರೇ ಹೊಡೆಯಿರಿ. ಗುಂಡುಪಿನ್, ತಂತಿ ಹಾಕಿ ಚುಚ್ಚಬೇಡಿ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಒಳಗಿನ ವಾಲ್ವ್ ಹಾರಿಹೋದೀತು.

ಈಗ ಸ್ಕ್ರೂ

ಎಲ್ ಅಂದರೆ ನಿಧಾನದ ಸ್ಕ್ರೂ. ಎಚ್ ಅಂದರೆ ಫುಲ್ ರೇಸಿನದು. ಎರಡನ್ನೂ ಬಲಕ್ಕೆ ತಿರುವಿದರೆ ಪೆಟ್ರೋಲು ಕಡಿಮೆ, ಎಡಕ್ಕೆ ತಿರುವಿದರೆ ಜಾಸ್ತಿ. ಮೂರನೆಯದು ಐಡ್ಲಿಂಗಿನದು, ಅಂದರೆ ಎಕ್ಸಲೇಟರ್ ಬಿಟ್ಟಾಗಿನ ಓಟದ್ದು. ಕೆಲವು ಮಷಿನ್‌ಗಳಲ್ಲಿ ಎಚ್ ಇರುವುದೇ ಇಲ್ಲ, ಅಷ್ಟು ತಲೆನೋವು ಕಡಿಮೆ. ಬರೆದಿಟ್ಟ ಸುತ್ತಿಗೇ ವಾಪಸ್ ಕೂರಿಸಿ. ಬರೆದಿಲ್ಲದಿದ್ದರೆ ತಳದಿಂದ ಒಂದು ಸುತ್ತು ಬಿಚ್ಚಿ ಶುರು ಮಾಡಿ.

ಮಷಿನ್ ಐದು ನಿಮಿಷ ಓಡಿ ಬಿಸಿಯಾಗಲಿ, ಏರ್ ಫಿಲ್ಟರ್ ಹಾಕಿರಲಿ. ಎಲ್ ಸ್ಕ್ರೂವನ್ನು ಅತ್ತಿತ್ತ ಸ್ವಲ್ಪ ಸ್ವಲ್ಪ ತಿರುವಿ, ಎಂಜಿನ್ ಎಲ್ಲಕ್ಕಿಂತ ಚುರುಕಾಗಿ ಓಡುವ ಜಾಗ ಹುಡುಕಿ. ಅಲ್ಲಿಂದ ಎಡಕ್ಕೆ ಒಂದಿಷ್ಟು. ಎಕ್ಸಲೇಟರ್ ಫಟ್ ಅಂತ ಒತ್ತಿದರೆ ತಡವರಿಸದೆ ಏರಬೇಕು. ಕೊನೆಗೆ ಐಡ್ಲಿಂಗ್ ಸ್ಕ್ರೂ: ಎಂಜಿನ್ ಬಂದ್ ಆಗಬಾರದು, ಬ್ಲೇಡೂ ತಿರುಗಬಾರದು. ಐಡ್ಲಿಂಗಿನಲ್ಲೇ ಬ್ಲೇಡ್ ತಿರುಗುವ ಕಟರ್ ಕಾಲು ಕೇಳುತ್ತದೆ.

ಎಚ್ ಸ್ಕ್ರೂ ವಿಷಯದಲ್ಲಿ ನಾನು ಒಂದು ಸಲ ದಂಡ ತೆತ್ತಿದ್ದೇನೆ. ಬಲಕ್ಕೆ ತಿರುವಿದಷ್ಟೂ ಎಂಜಿನ್ ಕೀಂಯ್ ಅಂತ ಏರುತ್ತಿತ್ತು. ಆಹಾ, ಏನು ಪಿಕಪ್ ಅಂತ ಖುಷಿಪಟ್ಟೆ. ಅರ್ಧ ಎಕರೆ ಬದು ಮುಗಿಯುವ ಮೊದಲೇ ಪಿಸ್ಟನ್ ಹಿಡಿದುಕೊಂಡಿತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲು ಕಡಿಮೆ ಮಾಡಿದರೆ ಆಯಿಲ್ಲೂ ಕಡಿಮೆ, ಜೊತೆಗೆ ಬಿಸಿ ಜಾಸ್ತಿ. ಬಿಚ್ಚಿ ನೋಡಿದರೆ ಪಿಸ್ಟನ್ ಮೈಮೇಲೆ ಉಗುರಿನಲ್ಲಿ ಗೀರಿದಂಥ ಗೆರೆಗಳು.

ಹಾಗಾಗಿ ಕಿವಿ ಕೊಟ್ಟು ಕೇಳಿ. ಫುಲ್ ರೇಸಿನಲ್ಲಿ, ಲೋಡ್ ಇಲ್ಲದಾಗ, ಸದ್ದು ಸ್ವಲ್ಪ ಬುರಬುರ ಒಡೆದಂತಿರಬೇಕು. ಹುಲ್ಲಿಗೆ ಇಟ್ಟ ಕೂಡಲೇ ನುಣುಪಾಗಬೇಕು. ಸುಮ್ನೆ ಗಾಳಿಯಲ್ಲಿ ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ರೇಸ್ ಮಾಡಬೇಡಿ. ಅರ್ಧ ತಾಸು ಕೆಲಸ ಮಾಡಿ, ಆರಿದ ಮೇಲೆ ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಒದ್ದೆ ಕಪ್ಪಾದರೆ ಪೆಟ್ರೋಲು ಜಾಸ್ತಿ. ಬಿಳಿಚಿಕೊಂಡಿದ್ದರೆ ಆವತ್ತೇ ಎಚ್ ಸ್ಕ್ರೂ ಎಡಕ್ಕೆ ತಿರುವಿ. ಮೇ ತಿಂಗಳ ಮಟಮಟ ಮಧ್ಯಾಹ್ನ ಕೂರಿಸಿದ ಸೆಟ್ಟಿಂಗ್ ಡಿಸೆಂಬರ್ ಬೆಳಿಗ್ಗೆಯ ದಟ್ಟ ಗಾಳಿಗೆ ಪೆಟ್ರೋಲು ಕಡಿಮೆ ಕೊಡುತ್ತದೆ, ಆಗ ಇನ್ನೊಮ್ಮೆ ಕೇಳಿಸಿಕೊಳ್ಳಿ.

ಎಷ್ಟು ತಿರುವಿದರೂ ರೇಸ್ ಇಳಿಯದಿದ್ದರೆ ಸ್ಕ್ರೂ ಬಿಡಿ, ಕಾರ್ಬೊರೇಟರ್ ಕೂತ ಬೋಲ್ಟ್ ಸಡಿಲಾಗಿದೆಯಾ, ಗ್ಯಾಸ್ಕೆಟ್ ಹರಿದಿದೆಯಾ ನೋಡಿ. ಹತ್ತು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಮತ್ತೆ ಚಾಲೂ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಆಮೇಲೆ ಮೂಲೆಗಿಡಿ. ಉಳಿದ ಪೆಟ್ರೋಲನ್ನು ಬೈಕಿಗೆ ಹಾಕಬೇಡಿ, ಅದರಲ್ಲಿ ಆಯಿಲ್ ಇದೆ. ಪಕ್ಕದ ಹೊಲದವನ ಕಟರ್ ಆವತ್ತು ಓಡುತ್ತಿದ್ದರೆ, ಅವನದೂ ಅದೇ ಅಳತೆಯದಾದರೆ, ಅವನಿಗೆ ಕೊಡಿ.