ಬೋರ್ ಕೊರೆಸುವಾಗ ನಾನು ಪಟ್ಟು ಹಿಡಿದ ಕೆಲವು ವಿಷಯಗಳು

ಬೋರ್ ಕೊರೆಯುವ ರಿಗ್ ಗಾಡಿ ಬಂದು ನಿಂತ ಮೇಲೆ ಯೋಚನೆ ಮಾಡುವುದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಕಂಪ್ರೆಸರ್ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಧೂಳು ಮುಖಕ್ಕೆ ರಾಚುತ್ತಿರುತ್ತದೆ, ಅಷ್ಟರಲ್ಲಿ ಡ್ರಿಲ್ಲರ್ ಬಂದು "ಕೇಸಿಂಗ್ ಇಳಿಸಲಾ, ಇನ್ನೂ ಹೋಗಲಾ?" ಅಂತ ಕೇಳುತ್ತಾನೆ. ಕೇಸಿಂಗ್ ಅಂದರೆ ಮಣ್ಣು ಕುಸಿಯದಂತೆ ಬೋರ್ ಒಳಗೆ ಇಳಿಸುವ ಪೈಪ್. ಹಾಗಾಗಿ ನನ್ನ ಜಮೀನಿನಲ್ಲಿ ಬೋರ್ ಹಾಕಿಸುವಾಗ ಇಂಥ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮೊದಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೆ. ನಮ್ಮದು ಮೇಲೆ ಮಣ್ಣು, ಕೆಳಗೆ ಗಟ್ಟಿ ಬಂಡೆ ಇರುವ ಜಾಗ. ಮರಳು ನೆಲದಲ್ಲಿ ಕೆಲವು ವಿಷಯ ಬೇರೆ, ಅದನ್ನೂ ಮಧ್ಯದಲ್ಲಿ ಹೇಳುತ್ತೇನೆ.

ಪಾಯಿಂಟ್, ಅಂದರೆ ಕೊರೆಯುವ ಜಾಗ, ನೋಡಿಸುವ ಮೊದಲು ಸುತ್ತಲಿನ ಬೋರ್‌ಗಳ ಮಾಲೀಕರನ್ನು ಮಾತಾಡಿಸಿದೆ. ಎಷ್ಟು ಅಡಿ ಕೇಸಿಂಗ್ ಹೋಗಿದೆ, ನೀರು ಯಾವ ಆಳದಲ್ಲಿ ಸಿಕ್ಕಿತು, ಬೇಸಿಗೆಯಲ್ಲಿ ಎಷ್ಟು ಕೆಳಗೆ ಇಳಿಯುತ್ತದೆ, ಇಷ್ಟು ಕೇಳಿದರೆ ಸಾಕು. ಆಮೇಲೆ ಕರೆಂಟ್ ಹಾಯಿಸಿ ನೋಡುವ ರೆಸಿಸ್ಟಿವಿಟಿ ಸರ್ವೆ ಮಾಡಿಸಿದೆ. ಮೆತ್ತಗಿನ ಕಲ್ಲು ಎಲ್ಲಿಯವರೆಗೆ ಇದೆ, ಬಿರುಕು ಇರಬಹುದಾದ ಆಳ ಯಾವುದು ಅಂತ ಅದರಲ್ಲಿ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ಇಷ್ಟು ಇಂಚು ನೀರು ಬರುತ್ತದೆ ಅಂತ ಯಾರಾದರೂ ಮೊದಲೇ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಸರ್ವೆಯಲ್ಲಿ ಬಂದ ಒಂದು ಒಳ್ಳೆಯ ಪಾಯಿಂಟನ್ನು ನಾನೇ ಬಿಟ್ಟೆ. ಶೌಚಾಲಯದ ಗುಂಡಿಗೆ ಅದು ತೀರಾ ಹತ್ತಿರ ಇತ್ತು. 50 ಅಡಿಯಾದರೂ ದೂರ ಬೇಕು, 100 ಅಡಿ ಸಿಕ್ಕರೆ ಇನ್ನೂ ಒಳ್ಳೆಯದು, ಗುಂಡಿ ಇಳಿಜಾರಿನಲ್ಲಿ ಬೋರ್‌ಗಿಂತ ಕೆಳಗಿರಬೇಕು. ಇನ್ನೊಂದು, ತಲೆ ಎತ್ತಿ ನೋಡಿ. ರಿಗ್‌ನ ಕಂಬ ಎದ್ದು ನಿಲ್ಲುವ ಜಾಗದ ಮೇಲೆ ಕರೆಂಟ್ ವೈರ್ ಇದ್ದರೆ ಅಲ್ಲಿ ಬೋರ್ ಬೇಡ. ನಾಳೆ ಪಂಪ್ ಎತ್ತಬೇಕಾದಾಗ ಗಾಡಿ ಬರುವುದಕ್ಕೂ ದಾರಿ ಇರಬೇಕು ಅಲ್ವಾ.

ಕೊರೆಸಿದ್ದು ಬೇಸಿಗೆಯ ಕೊನೆಯಲ್ಲಿ. ಮಳೆಗಾಲ ಮುಗಿದ ತಕ್ಷಣ ಕೊರೆದರೆ ಎಲ್ಲ ಬೋರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ನೀರಿನ ಮಟ್ಟ ಪಾತಾಳ ಸೇರಿದ ಕಾಲದಲ್ಲಿ ಸಿಕ್ಕ ನೀರನ್ನು ನಂಬಬಹುದು.

ಮಾತುಕತೆ ಮುಗಿಯುವ ಮೊದಲೇ ಗರಿಷ್ಠ ಆಳ ಎಷ್ಟು ಅಂತ ಕಾಗದದ ಮೇಲೆ ಬರೆಸಿದೆ. ಅಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ಕೊರೆಯುವ ರಾಡ್ ಇನ್ನೊಂದು ಇಳಿಸಿ ನೋಡೋಣ ಅನ್ನಿಸುವುದು ಸಹಜ, ನೀರು ಕಾಣದೆ ಕಂಗಾಲಾದ ನಮಗೂ ಹಾಗೇ ಅನ್ನಿಸುತ್ತದೆ. ಆದರೆ ಬಂಡೆಯಲ್ಲಿ ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳು ಕಡಿಮೆಯಾಗುತ್ತವೆ, ಇರುವ ಬಿರುಕೂ ಬಿಗಿಯಾಗಿರುತ್ತದೆ. ಸುತ್ತಲಿನ ಬೋರ್‌ಗಳಲ್ಲಿ ಯಾರಿಗೂ ನೀರು ಸಿಗದ ಆಳಕ್ಕೆ ನಾನೇಕೆ ಹೋಗಲಿ? ಆಳದ ಲೆಕ್ಕಕ್ಕೆ ರಾಡ್ ಎಣಿಸಿದೆ. ಶುರುವಿನಲ್ಲೇ ಒಂದು ರಾಡ್‌ನ ಉದ್ದವನ್ನು ಟೇಪ್ ಹಿಡಿದು ಅಳೆದಿದ್ದರಿಂದ ಕೊನೆಯಲ್ಲಿ ಜಗಳ ಬರಲಿಲ್ಲ.

ಈಗ ಕೇಸಿಂಗ್. ಬೋರ್‌ಗಳು ಕೆಡುವುದು ಜಾಸ್ತಿ ಇಲ್ಲೇ. ಪೈಪ್ ಜಾಸ್ತಿ ಇಳಿಸಿದರೆ ಪೈಪಿನ ದುಡ್ಡು ಗುತ್ತಿಗೆದಾರರಿಗೆ, ಕಮ್ಮಿ ಇಳಿಸಿದರೆ ಸಮಯದ ಉಳಿತಾಯವೂ ಅವರಿಗೇ, ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅಂತ ನಾವೇ ನೋಡಿಕೊಳ್ಳಬೇಕು. ಮೆತ್ತಗಿನ ಕಲ್ಲಿನಲ್ಲೇ ಪೈಪ್ ನಿಂತರೆ ಅದರ ಬುಡದಿಂದ ಮಣ್ಣು ಕುಸಿದು ಬೋರ್ ಒಳಗೆ ಬೀಳುತ್ತದೆ, ನೀರು ಯಾವತ್ತೂ ಕೆಂಪಗೇ ಬರುತ್ತದೆ, ಒಂದು ದಿನ ಪಂಪ್ ಹೂತುಹೋಗುತ್ತದೆ. ಹಾಗಂತ ಗಟ್ಟಿ ಬಂಡೆಯೊಳಗೆ ತುಂಬಾ ದೂರ ಪೈಪ್ ತಳ್ಳಿದರೆ ಇನ್ನೊಂದು ನಷ್ಟ. ಮೆತ್ತಗಿನ ಕಲ್ಲು ಮುಗಿದು ಗಟ್ಟಿ ಬಂಡೆ ಶುರುವಾಗುವ ಜಾಗದಲ್ಲೇ ಎಷ್ಟೋ ಕಡೆ ಒಳ್ಳೆಯ ನೀರಿರುತ್ತದೆ, ಅದರ ಕೆಳಗಿನ ಬಿರುಕುಗಳನ್ನೂ ಪೈಪ್ ಮುಚ್ಚಿಬಿಡುತ್ತದೆ. ಗಟ್ಟಿ ಬಂಡೆ ಬಂದಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಮೇಲೆ ಬರುವ ಪುಡಿಯ ಬಣ್ಣ ಕಂದಿನಿಂದ ಬೂದಿ ಅಥವಾ ಕಪ್ಪಿಗೆ ತಿರುಗುತ್ತದೆ, ಚೂರುಗಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದಿಲ್ಲ, ಅಂಚು ಚೂಪಾಗಿರುತ್ತದೆ, ರಾಡ್ ಇಳಿಯುವ ವೇಗ ಕಡಿಮೆಯಾಗಿ ಹ್ಯಾಮರ್ ಸದ್ದೇ ಬದಲಾಗುತ್ತದೆ. ಇಷ್ಟೂ ಒಟ್ಟಿಗೆ ಬಂದ ಮೇಲೆ ಇನ್ನೂ ಕೆಲವು ಅಡಿ ಕೊರೆಸಿ, ಆಮೇಲೆ ಪೈಪ್ ಇಳಿಸಿ ಕೂರಿಸಿದೆ. ಮಧ್ಯದಲ್ಲಿ ಸಿಗುವ ದೊಡ್ಡ ಗುಂಡುಕಲ್ಲನ್ನೇ ಬಂಡೆ ಅಂದುಕೊಂಡು ನಿಲ್ಲಿಸುವವರಿದ್ದಾರೆ, ಅದಕ್ಕೇ ಈ ಹೆಚ್ಚಿನ ಕೆಲವು ಅಡಿ.

ಕೇಸಿಂಗ್ ಪೈಪಿಗೂ ಮಣ್ಣಿಗೂ ನಡುವೆ ಉಳಿಯುವ ಸಂದಿಯನ್ನು ಹೆಚ್ಚಿನವರು ಕೊರೆದ ಮಣ್ಣಿನಿಂದಲೇ ಮುಚ್ಚುತ್ತಾರೆ. ಮಳೆ ಬಂದಾಗ ಮೇಲಿನ ಕೊಳಕು ನೀರು ಅದೇ ಸಂದಿಯಲ್ಲಿ ಇಳಿದು ನೇರ ಬೋರ್ ಸೇರುತ್ತದೆ. ನಾನು ಅಲ್ಲಿ ಸಿಮೆಂಟ್ ಹಾಲು ಸುರಿಸಿದೆ, ಬೆಂಟೊನೈಟ್ ಜೇಡಿಯೂ ಆಗುತ್ತದೆ. ಪೈಪನ್ನು ನೆಲದಿಂದ ಎರಡು ಅಡಿ ಮೇಲೆ ಬಿಟ್ಟು, ಸುತ್ತ ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಕಟ್ಟೆ ಹಾಕಿಸಿದೆ.

ಮರಳು ನೆಲದಲ್ಲಿ ಪೂರ್ತಿ ಆಳಕ್ಕೂ ಪೈಪ್ ಬೇಕು, ನೀರಿರುವ ಪದರದ ಎದುರಿಗೆ ಮಾತ್ರ ಸೀಳಿರುವ ಪೈಪ್ ಬರಬೇಕು. ಸ್ಥಳದಲ್ಲೇ ಗರಗಸದಲ್ಲಿ ಸೀಳು ಹಾಕುವುದನ್ನು ಒಪ್ಪಬೇಡಿ. ಒಂದು ಸೀಳು ಅಗಲ, ಇನ್ನೊಂದು ಸಣ್ಣ ಆಗುತ್ತದೆ, ಅಗಲ ಇದ್ದ ಕಡೆಯಿಂದ ಮರಳು ನುಗ್ಗಿ ಪಂಪ್ ತಿನ್ನುತ್ತದೆ. ಫ್ಯಾಕ್ಟರಿಯಲ್ಲಿ ಮಾಡಿದ ಪೈಪ್, ಸುತ್ತ ತೊಳೆದ ದುಂಡನೆಯ ಸಣ್ಣ ಜಲ್ಲಿ, ಇದೇ ಸರಿ.

ಪ್ರತಿ ರಾಡ್ ಮುಗಿದಾಗ ಒಂದು ಹಿಡಿ ಪುಡಿಯನ್ನು ಚೀಲಕ್ಕೆ ಹಾಕಿ ಆಳ ಬರೆದಿಟ್ಟೆ. ಡ್ರಿಲ್ಲರ್‌ಗೆ ಇದು ತಮಾಷೆಯಾಗಿ ಕಂಡಿತು. ಪಂಪ್ ಎಲ್ಲಿ ನಿಲ್ಲಿಸಬೇಕು ಅನ್ನುವಾಗ ಆ ಚೀಲಗಳನ್ನೇ ಸಾಲಾಗಿ ಇಟ್ಟುಕೊಂಡು ಇಬ್ಬರೂ ಕೂತೆವು.

ನೀರು ಚಿಮ್ಮಿದಾಗ ಎಲ್ಲರೂ ಕುಣಿಯುತ್ತಾರೆ. ನಾನು ಕಾದೆ. ಯಾಕೆಂದರೆ ಆರೂವರೆ ಇಂಚಿನ ಬೋರ್‌ನಲ್ಲಿ ಪ್ರತಿ ಅಡಿಗೆ ಸುಮಾರು 6.5 ಲೀಟರ್ ನೀರು ಹಿಡಿಯುತ್ತದೆ, ಅಂದರೆ 100 ಅಡಿ ತುಂಬಿ ನಿಂತಿದ್ದರೆ 650 ಲೀಟರ್. ರಾಡ್ ಜೋಡಿಸುವಾಗ ಕಂಪ್ರೆಸರ್ ಗಾಳಿ ನಿಲ್ಲಿಸುತ್ತಾರೆ, ಆ ಹೊತ್ತಿನಲ್ಲಿ ನೀರು ಒಳಗೆ ತುಂಬಿಕೊಳ್ಳುತ್ತದೆ, ಮತ್ತೆ ಗಾಳಿ ಬಿಟ್ಟಾಗ ಅದೆಲ್ಲ ಒಟ್ಟಿಗೆ ಮೇಲೆ ಹಾರುತ್ತದೆ. ಅದು ಬರೀ ನಿಂತ ನೀರು. ಒಂದು ಗಂಟೆ ಸತತವಾಗಿ ಗಾಳಿ ಹೊಡೆಸಿದ ಮೇಲೆ ಉಳಿಯುವ ಹರಿವನ್ನು ಅಳೆಯಬೇಕು. ನಾವು ತೊಂಬತ್ತು ಡಿಗ್ರಿಯ ವಿ ನಾಚ್ ತಗಡು, ಅಂದರೆ V ಆಕಾರದಲ್ಲಿ ಕತ್ತರಿಸಿದ ತಗಡು, ಹರಿವಿಗೆ ಅಡ್ಡ ಇಟ್ಟು ಅಳೆದೆವು. ಅದರಲ್ಲಿ ಒಂದು ಮೋಸ ಇದೆ. 5 ಸೆಂಟಿಮೀಟರ್ ಎತ್ತರಕ್ಕೆ ನೀರು ಹರಿದರೆ ಗಂಟೆಗೆ ಸುಮಾರು 2,800 ಲೀಟರ್, ಆದರೆ 10 ಸೆಂಟಿಮೀಟರ್ ಅಂದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಜಾಸ್ತಿ. ಹಾಗಾಗಿ ಅಳತೆಯಲ್ಲಿ ಅರ್ಧ ಇಂಚು ಕಣ್ಣಂದಾಜಿನಲ್ಲಿ ತಪ್ಪಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ. ಸ್ಕೇಲ್ ಹಿಡಿದು ನೋಡಿ, ತಗಡಿನ ಹಿಂದೆ ಸ್ವಲ್ಪ ದೂರದಲ್ಲಿ, ನೀರು ನಿಂತಂತಿರುವ ಕಡೆ.

ರಿಗ್ ಕಳಿಸುವ ಮುನ್ನ ಇನ್ನೆರಡು ಕೆಲಸ. ನೀರು ತಿಳಿಯಾಗುವ ತನಕ ಗಾಳಿ ಹೊಡೆಸಿ ಫ್ಲಶಿಂಗ್ ಮಾಡಿಸಿದೆ, ಸಂಜೆಯಾಯಿತು ಅಂತ ಅವರು ಗೊಣಗಿದರೂ ಬಿಡಲಿಲ್ಲ. ಆಮೇಲೆ ಪಂಪಿನಷ್ಟು ಉದ್ದ, ಅದಕ್ಕಿಂತ ಸ್ವಲ್ಪ ದಪ್ಪದ ಪೈಪನ್ನು ಹಗ್ಗಕ್ಕೆ ಕಟ್ಟಿ ಕೆಳಗಿನವರೆಗೂ ಬಿಟ್ಟು ನೋಡಿದೆ. ಎಲ್ಲೂ ಸಿಕ್ಕಿಕೊಳ್ಳದೆ ಹೋದರೆ ಬೋರ್ ನೇರ ಇದೆ. ರಾತ್ರಿ ಬಿಡಿ, ಊಟಕ್ಕೆ ಹೋಗುವಾಗಲೂ ಬಾಯಿಗೆ ಮುಚ್ಚಳ ಬಿಗಿಸುತ್ತಿದ್ದೆವು. ಮಕ್ಕಳು ಓಡಾಡುವ ಜಾಗದಲ್ಲಿ ಇದರ ಬಗ್ಗೆ ವಾದವೇ ಬೇಡ. ನೀರು ಬಾರದ ಬೋರ್ ಆದರೆ ಪೂರ್ತಿ ತುಂಬಿಸಿಯೇ ಬಿಡಬೇಕು.

ಪಂಪ್ ಕೊಳ್ಳುವ ಮೊದಲು ಬಾಡಿಗೆ ಪಂಪ್ ಇಳಿಸಿ ಒಂದು ಇಡೀ ದಿನ ಓಡಿಸಿದೆ, ನೀರಿನ ಮಟ್ಟ ಎಲ್ಲಿಗೆ ಇಳಿದು ನಿಲ್ಲುತ್ತದೆ ಅಂತ ಬರೆಯುತ್ತಾ ಹೋದೆ. ಹೆಡ್, ಅಂದರೆ ಪಂಪ್ ನೀರನ್ನು ಎತ್ತಬೇಕಾದ ಎತ್ತರ, ಲೆಕ್ಕ ಹಾಕುವುದು ಆ ಇಳಿದ ಮಟ್ಟದಿಂದ, ಓಡಿಸುವ ಮೊದಲಿನ ಮಟ್ಟದಿಂದಲ್ಲ. ಪಂಪನ್ನು ತಳಕ್ಕೆ ತಾಗಿಸದೆ 20 ಅಡಿ ಮೇಲೆ ನಿಲ್ಲಿಸಿದೆವು, ಕೆಸರು ಕೂರುವುದಕ್ಕೆ ಜಾಗ ಬೇಕು. ನಮ್ಮಲ್ಲಿ ನೀರಿನ ಬಿರುಕು ಪಂಪ್‌ಗಿಂತ ಮೇಲೆ ಇತ್ತು. ಇಂಥ ಕಡೆ ನೀರು ಮೇಲಿನಿಂದಲೇ ಪಂಪಿನ ಬಾಯಿಗೆ ಹೋಗುತ್ತದೆ, ಕೆಳಗಿರುವ ಮೋಟರ್ ಪಕ್ಕ ಹರಿಯುವುದೇ ಇಲ್ಲ, ಮೋಟರ್ ಕಾದು ಸುಡುತ್ತದೆ. ಅದಕ್ಕೆ ಮೋಟರ್ ಸುತ್ತ ಒಂದು ಕೊಳವೆ ಹಾಕಿಸಿದೆ, ನೀರು ಅದರ ಕೆಳಗಿನಿಂದ ಸುತ್ತಿ ಬರಬೇಕು.

ಪಂಪ್ ಪೈಪಿನ ಜೊತೆಗೇ ಮುಕ್ಕಾಲು ಇಂಚಿನ ಒಂದು ಖಾಲಿ ಪೈಪನ್ನೂ ಇಳಿಸಿದ್ದೇವೆ. ಅದರೊಳಗೆ ಟೇಪ್ ಬಿಟ್ಟು ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆಯುತ್ತೇನೆ. ಕುಡಿಯುವುದಕ್ಕೆ ಶುರು ಮಾಡಿದ್ದು ಕ್ಲೋರಿನ್ ಹಾಕಿ ತೊಳೆದು, ಲ್ಯಾಬ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಮೂರನ್ನೂ ನೋಡಿಸಿದ ಮೇಲೆಯೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಕುಡಿಯುವುದಕ್ಕೆ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಕುದಿಸಿದರೆ ಅದು ಹೋಗುವುದೂ ಇಲ್ಲ.